ಫೆಯ್ಯೊ ಬಚ್ಚಿಟ್ಟ ಆರು

ಎಲಿಹಿಯೊ ಒಂದೇ ಸಮನೆ ಒಂಬತ್ತು ದಿನ ಡಾಮಿನೋ ಗೆದ್ದ. ಮೂವತ್ತು ವರ್ಷ ಮಾವೊ ಊರಿನ ಬಸ್ಸು ಓಡಿಸಿ ಮುದುಕನಾದವನಿಗೆ ಈಗ ಅದೆಂಥ ಅದೃಷ್ಟ ಖುಲಾಯಿಸಿತೋ! ಅದೃಷ್ಟವೂ ಇಲ್ಲ, ಮಣ್ಣೂ ಇಲ್ಲ ಎಂದು ಅವನಿಗೇ ಗೊತ್ತಿತ್ತು.

ಮೂರು ವಾರದ ಹಿಂದೆ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಗಳು ನೆರೈದಾಳನ್ನು ಮಾತ್ರ ಒಳಗೆ ಕರೆದಿದ್ದರು. ಹೊಟ್ಟೆ ಇವನದು, ಸುದ್ದಿ ಮಗಳಿಗೆ! ಹೊರಬಂದವಳ ಕಣ್ಣು ಕೆಂಪಾಗಿತ್ತು. ಸಣ್ಣ ಹುಣ್ಣಂತೆ, ಔಷಧಿಗೆ ವಾಸಿಯಾಗುತ್ತದಂತೆ ಎಂದಳು. ಅಂದಿನಿಂದ ಕೇಳುವ ಮೊದಲೇ ಅವನಿಗಿಷ್ಟದ ಬೇಯಿಸಿದ ಬಾಳೆಕಾಯಿ, ಕರಿದ ಚೀಸು ತಟ್ಟೆಗೆ ಬರತೊಡಗಿದವು. ಅವನು ಕಾಲಿಟ್ಟ ಕಡೆ ಮಾತು ನಿಲ್ಲುತ್ತಿತ್ತು. ನನಗೇನಾಗಿದೆ ಎಂದು ಕೇಳಿದರೆ ಎಲ್ಲರೂ ನಗುತ್ತಿದ್ದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಅವನು ಎಂದೂ ಇದ್ದವನಲ್ಲ.

ಅಂಗಡಿಯ ಮುಂದೆ ಬಾದಾಮಿ ಮರದ ಕೆಳಗಿನ ಆಟದ ಮೇಜೊಂದೇ ಮೊದಲಿನಂತೆ ಉಳಿದಿತ್ತು. ಅದೂ ಕೆಟ್ಟಿತು. ಎದುರಾಳಿ ಫೆಯ್ಯೊ ನಲವತ್ತು ವರ್ಷದಿಂದ ಗೆದ್ದಾಗಲೆಲ್ಲ ಇವನ ವಂಶವನ್ನೇ ಜಾಲಾಡಿದವನು. ಈಗ ಸೋತು, ಚೆನ್ನಾಗಿ ಆಡಿದೆ ಎನ್ನುತ್ತಿದ್ದ. ಫೆಯ್ಯೊನ ಬಾಯಲ್ಲಿ ಹೊಗಳಿಕೆ!

ಹತ್ತನೆಯ ದಿನ ಎಲಿಹಿಯೊ ಲೆಕ್ಕ ಇಟ್ಟು ಕೂತ. ಆರು ಚುಕ್ಕೆಯ ಬಿಲ್ಲೆಗಳು ಒಟ್ಟು ಏಳು. ಐದು ಮೇಜಿನ ಮೇಲಿವೆ, ಒಂದು ತನ್ನ ಕೈಯಲ್ಲಿದೆ. ಸಾಲಿನ ಎರಡೂ ತುದಿಗೆ ಈಗ ಆರೇ ಬೇಕು. ಉಳಿದಿಬ್ಬರು ಆಟಗಾರರು ತಮ್ಮಲ್ಲಿ ಆರು ಇಲ್ಲವೆಂದು ಆಗಲೇ ಮೇಜು ತಟ್ಟಿದ್ದಾರೆ. ಅಂದಮೇಲೆ ಏಳನೆಯದು ಫೆಯ್ಯೊನ ಹತ್ತಿರವೇ ಇರಬೇಕು. ಇಟ್ಟರೆ ಕೈ ಖಾಲಿ, ಆಟ ಅವನದೇ. ಫೆಯ್ಯೊ ತನ್ನ ಮುಂದಿದ್ದ ಒಂದೇ ಬಿಲ್ಲೆಯನ್ನು ನೋಡಿದ, ಮೇಜು ತಟ್ಟಿದ.

ಎಲಿಹಿಯೊ ಕೈ ಚಾಚಿ ಅದನ್ನು ಮಗುಚಿದ. ಆರು. ಇಟ್ಟುಕೊಂಡು ಇಲ್ಲ ಎನ್ನುವುದು ಆ ಮೇಜಿನಲ್ಲಿ ಕಳ್ಳತನಕ್ಕಿಂತ ಕಡೆ. ಉಳಿದಿಬ್ಬರು ಮೆಲ್ಲಗೆ ಎದ್ದು ಅಂಗಡಿಯೊಳಗೆ ಹೋದರು.

"ನಲವತ್ತು ವರ್ಷದಲ್ಲಿ ನಂಗೆ ಒಂದು ಆಟ ಬಿಟ್ಕೊಟ್ಟೋನಲ್ಲ ನೀನು. ಡಾಕ್ಟರು ಎಷ್ಟು ದಿನ ಅಂದ್ರೋ?"

ಫೆಯ್ಯೊ ಮರ ನೋಡಿದ, ರಸ್ತೆ ನೋಡಿದ. "ನೆರೈದಾ ಆಣೆ ಹಾಕಿಸ್ಕೊಂಡಿದ್ದಾಳೆ, ಮಾರಾಯ."

"ಹೊಟ್ಟೆ ನಂದು ಕಣೋ."

"ಕ್ಯಾನ್ಸರ್. ಲಿವರ್‌ಗೂ ಹಬ್ಬಿದೆಯಂತೆ. ಕ್ರಿಸ್‌ಮಸ್ ಕಾಣೋದು ಕಷ್ಟ ಅಂದ್ರಂತೆ."

ಎಲಿಹಿಯೊಗೆ ಹೆದರಿಕೆಯಾಯಿತು. ಹೆದರಿಕೆ ಎಂದರೆ ಎಂಥ ಹೆದರಿಕೆ! ಆದರೂ ಮೂರು ವಾರದಲ್ಲಿ ಮೊದಲ ಸಲ ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ ಅನ್ನಿಸಿತು. ಬಿಲ್ಲೆಗಳನ್ನು ಕಲಸಿ, ಇಬ್ಬರೇ ಆಡೋಣ, ಸರಿಯಾಗಿ ಆಡು ಎಂದ.

ಫೆಯ್ಯೊ ಸರಿಯಾಗೇ ಆಡಿದ. ಕಣ್ಣೊರೆಸಿಕೊಳ್ಳುತ್ತಲೇ ಕೊನೆಯ ಬಿಲ್ಲೆಯನ್ನು ಮೇಜು ಅದುರುವಂತೆ ಬಡಿದ. "ಸ್ಟೀರಿಂಗ್ ಹಿಡಿಯೋ ಕೈಗೆ ಆಟ ಯಾಕೋ, ಕತ್ತೆ? ಎದ್ದೇಳು, ಸೋತೋನು ಕುರ್ಚಿ ಬಿಡ್ಬೇಕು" ಎಂದ. ಎಂದವನೇ ಬಾಯಿಗೆ ಕೈ ಅಡ್ಡ ಹಿಡಿದ. ಎಲಿಹಿಯೊ ನಕ್ಕ, ಎದ್ದ.

ಮನೆಯಲ್ಲಿ ನೆರೈದಾ ಒಲೆಯ ಮುಂದಿದ್ದಳು. ಇವತ್ತೂ ಗೆದ್ಯಾ ಅಪ್ಪ ಎಂದು ದಿನದಂತೆ ನಗುತ್ತ ಕೇಳಿದಳು.

"ಇಲ್ಲ ಮಗಳೇ. ಇವತ್ತು ಫೆಯ್ಯೊ ಸೋಲಿಸ್ದ."

ಸೌಟು ಹಾಗೇ ನಿಂತಿತು. ಅವನು ಕುರ್ಚಿಯೊಂದನ್ನು ಎಳೆದು ಅವಳ ಹತ್ತಿರ ಇಟ್ಟ. ಅವಳು ಕೂತಳು, ಮೂರು ವಾರ ಹಿತ್ತಲಲ್ಲಿ ಕದ್ದು ಅತ್ತದ್ದನ್ನು ಅವನೆದುರೇ ಅತ್ತಳು.