ಒಂದೇ ಒಂದು ನೀಲಿ ಬಾಟಲಿ

ನಾನು ಹನ್ನೊಂದನೆಯ ಬಾಟಲಿಗೆ ನೀರು ತುಂಬಿ ತಲೆಕೆಳಗು ಮಾಡಿ ಹಿಡಿದಾಗ ಅಂಗಡಿಯ ಸೆಮ್ಮಂಡನ ತಾಳ್ಮೆ ಕೆಟ್ಟಿತು.

"ಅಲ್ಲ ನಲೊಂಗೊ, ನೀವು ಬಾಟಲಿ ತಗೊಳ್ಳೋಕೆ ಬಂದಿದ್ದೀರೋ, ಮಗಳಿಗೆ ಗಂಡು ನೋಡೋಕೆ ಬಂದಿದ್ದೀರೋ? ಇದನ್ನ ಮೂಸಿ, ಅದನ್ನ ಅಲ್ಲಾಡಿಸಿ, ನನ್ನ ಅಂಗಡಿನೆಲ್ಲ ಕೆರೆ ಮಾಡಿಬಿಟ್ಟಿರಲ್ಲ!"

"ಗಂಡು ಕೆಟ್ಟವನಾದ್ರೆ ಬಿಟ್ಟು ಬರಬಹುದು. ಬಾಟಲಿ ಕೆಟ್ಟದ್ದಾದ್ರೆ ನನ್ನ ಮಗು ಉಳಿಯಲ್ಲ. ಮಾತು ಸಾಕು, ಇನ್ನೊಂದು ತೆಗೀರಿ."

ಅವನು ನಕ್ಕ. ಮಸಾಕಾದ ಸಂತೆಯಲ್ಲಿ ನನ್ನ ಬಾಯಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಟ್ಯಾಕ್ಸಿ ನಿಲ್ದಾಣದ ಹಿಂದೆ ಜಡೆ ಹೆಣೆಯುವ ಅಂಗಡಿ ನನ್ನದು. ದಿನವಿಡೀ ಕೈ ಎಷ್ಟು ಆಡುತ್ತದೋ ನಾಲಿಗೆಯೂ ಅಷ್ಟೇ ಆಡುತ್ತದೆ. ಆದರೆ ಆವತ್ತು ನಾನು ತಮಾಷೆ ಮಾಡಿರಲಿಲ್ಲ.

ನಲೊಂಗೊ ಎಂದರೆ ಅವಳಿ ಹೆತ್ತವಳು. ಹೆತ್ತ ದಿನವೇ ನಮ್ಮ ಹಳೆಯ ಹೆಸರು ಹೋಗಿ ಅದೊಂದೇ ಉಳಿಯುತ್ತದೆ. ನನ್ನ ದೊಡ್ಡವಳು ಬಾಬಿರ್ಯೆ, ಅವಳ ಹಿಂದೆಯೇ ಬಂದವಳು ನಕಾಟೊ. ಇಬ್ಬರಿಗೂ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಂಟು ಗಂಟಾಗಿ ಎಲುಬಿನೊಳಗೆ ಸಿಕ್ಕಿಕೊಳ್ಳುತ್ತದೆ, ಮಕ್ಕಳು ಕಿರುಚುತ್ತಾರೆ. ನಕಾಟೊ ಎರಡು ವರ್ಷದ ಹಿಂದೆ, ನಾಲ್ಕು ತುಂಬುವ ಮೊದಲೇ, ಹಾರಿಹೋದಳು. ಅವಳಿಗಳನ್ನು ನಮ್ಮಲ್ಲಿ ಯಾರೂ ಸತ್ತರು ಎನ್ನುವುದಿಲ್ಲ. ಹಾಗೆ ಅಂದರೆ ಉಳಿದವರಿಗೂ ಕೇಡು. ನಾನೂ ಅಂದಿರಲಿಲ್ಲ, ಒಬ್ಬಳೇ ಇದ್ದಾಗಲೂ.

ಉಳಿದವಳು ಸೋಮವಾರದಿಂದ ಒಂದನೇ ಕ್ಲಾಸಿಗೆ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ನನ್ನ ಕಣ್ಣಿನಿಂದ ದೂರ. ಕ್ಲಿನಿಕ್ಕಿನ ನರ್ಸ್ ಪೆರ್ಪೆತುವಾ ಬೆರಳು ಎತ್ತಿ ಹೇಳಿದ್ದರು: "ಶಾಲೇಲೇ ಒಂದು ಲೀಟರ್ ಕುಡೀಬೇಕು, ನಲೊಂಗೊ. ಒಂದು ಲೀಟರ್. ಮನೇಗೆ ಬಂದು ಕುಡೀತಾಳೆ ಅನ್ನೋ ಕತೆ ನನಗೆ ಬೇಡ."

ಹಾಗಾಗಿ ಒಂದು ಲೀಟರ್ ಹಿಡಿಯಬೇಕು. ಚೀಲದಲ್ಲಿ ಸೋರಬಾರದು. ತಿರುಗಿಸುವ ಮುಚ್ಚಳ ಆಗದು, ಚಳಿ ಬಿದ್ದರೆ ನನ್ನ ಕೂಸಿನ ಬೆರಳುಗಳು ಊದಿಕೊಳ್ಳುತ್ತವೆ. ಹೀರುವ ಕೊಳವೆಯೂ ಆಗದು, ಜೋರಾಗಿ ಎಳೆಯಲು ಅವಳಿಗೆ ಉಸಿರು ಸಾಲದು. ಬಾಬಿರ್ಯೆ ಪಕ್ಕದಲ್ಲಿ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ನಾನು ಕೊಟ್ಟದ್ದನ್ನೆಲ್ಲ ತೆಗೆಯಲು ಹೆಣಗುತ್ತಿದ್ದಳು.

ಹನ್ನೆರಡನೆಯದು ನೀಲಿ. ಮುಚ್ಚಳದ ಮೇಲೊಂದು ಗುಂಡಿ. ಹೆಬ್ಬೆರಳಿನಿಂದ ಒತ್ತಿದಳು, ಟಪ್ ಎಂದು ತೆರೆಯಿತು. ಮತ್ತೆ ಮುಚ್ಚಿ ಮತ್ತೆ ಒತ್ತಿದಳು. ನನ್ನ ಮುಖ ನೋಡಿ ಹಲ್ಲು ಬಿಟ್ಟಳು. ನಾನು ತಲೆಕೆಳಗು ಮಾಡಿ ಕುಲುಕಿದೆ. ಒಂದು ಹನಿಯೂ ಬೀಳಲಿಲ್ಲ.

"ಇದೇ. ಇದೇ ಬೇಕು."

ಸೆಮ್ಮಂಡನ ನಗು ಹೋಯಿತು. "ಅಯ್ಯೋ, ಇದು ಒಂದೇ ಇರೋದು. ನೀವು ಅವಳಿ ತಾಯಿ, ನಿಮಗೆ ಒಂಟಿ ಸಾಮಾನು ಹ್ಯಾಗೆ ಕೊಡ್ಲಿ? ಮುಂದಿನ ವಾರ ಕಂಪಾಲಾದಿಂದ ಮಾಲು ಬರತ್ತೆ. ಆಗ ಜೋಡಿ ತಗೊಂಡು ಹೋಗಿ."

"ಶಾಲೆ ಸೋಮವಾರ."

"ನಲೊಂಗೊ, ಒಬ್ಬಳಿಗೆ ಕೊಟ್ಟು ಒಬ್ಬಳಿಗೆ ಬಿಟ್ರೆ…"

"ಸೋಮವಾರ ಅಂದೆನಲ್ಲ!" ಅವನ ಕೈಯಿಂದ ಕಿತ್ತುಕೊಂಡೆ ಎಂದರೂ ತಪ್ಪಿಲ್ಲ.

ನಾನೇನು ಸಂಪ್ರದಾಯ ಬಿಟ್ಟವಳಲ್ಲ. ಒಬ್ಬಳಿಗೆ ತಂದದ್ದನ್ನು ಇನ್ನೊಬ್ಬಳಿಗೂ ತರಬೇಕು, ತಪ್ಪಿದರೆ ಸಿಗದವಳು, ಹಾರಿಹೋದವಳೇ ಆದರೂ, ಸಿಟ್ಟಾಗಿ ಮನೆಮಂದಿಯನ್ನು ಸುಡುತ್ತಾಳೆ ಎಂಬುದನ್ನು ತಾಯಿಯ ಹಾಲಿನ ಜೊತೆ ಕುಡಿದವಳು. ಹೋದ ಕ್ರಿಸ್‌ಮಸ್‌ಗೂ ಎರಡು ಅಂಗಿ ಹೊಲಿಸಿದ್ದೆ. ನಕಾಟೊಳ ಅಂಗಿ, ಚಪ್ಪಲಿ ಎಲ್ಲ ಪೆಟ್ಟಿಗೆಯಲ್ಲಿವೆ. ಅವುಗಳ ಅಳತೆಯನ್ನೂ ವರ್ಷ ವರ್ಷ ದೊಡ್ಡದು ಮಾಡುತ್ತಾ ಬಂದಿದ್ದೇನೆ, ಏನು ಹೇಳಲಿ.

ಮನೆಯಲ್ಲಿ ಅತ್ತೆ ನನ್ನ ಕೈ ನೋಡಿದರು, ಆಮೇಲೆ ಚೀಲ ನೋಡಿದರು.

"ಒಂದೇನಾ?"

"ಅಂಗಡೀಲಿ ಒಂದೇ ಇತ್ತು. ಮುಂದಿನ ವಾರ ಇನ್ನೊಂದು ತರ್ತೀನಿ."

"ಮುಂದಿನ ವಾರದ ತನಕ ಆ ಮಗು ಬಾಯಾರ್ಕೊಂಡು ಕೂರಬೇಕಾ?"

"ಅತ್ತೆ, ನನ್ನ ತಲೆ ತಿನ್ನಬೇಡಿ."

ಅತ್ತೆ ಮತ್ತೆ ಮಾತಾಡಲಿಲ್ಲ. ಅವರು ಸುಮ್ಮನಾದರೆ ನಾನು ಗೆದ್ದೆ ಎಂದುಕೊಳ್ಳುವುದು ನನ್ನ ಹಳೆಯ ರೋಗ. ಗಂಡ ಲಾರಿ ಓಡಿಸಿಕೊಂಡು ಗಡಿಯಾಚೆ ಜೂಬಾ ಕಡೆ ಹೋದವನು, ಮನೆಯಲ್ಲಿ ನಾವು ಮೂವರೇ. ಅಂಗಡಿಗೆ ಹೋಗುವಾಗ ಬಾಬಿರ್ಯೆಯನ್ನು ಅತ್ತೆಯ ಮಡಿಲಿಗೆ ಬಿಟ್ಟು ಹೋದೆ.

ಸೋಮವಾರ ಬೆಳಿಗ್ಗೆ ನೀರು ಕಾಯಿಸಿ ಆರಿಸಿ ಕಂಠಮಟ್ಟ ತುಂಬಿದೆ. ಗುಲಾಬಿ ಸಮವಸ್ತ್ರ, ಶಾಲೆಯ ನಿಯಮಕ್ಕೆ ಬೋಳಿಸಿದ ತಲೆ, ಕೊರಳಲ್ಲಿ ಬಾಟಲಿ. ಟೀಚರಿಗೆ ನಮ್ಮ ರೂಢಿಯಂತೆ ಮಂಡಿಯೂರಿ ನಮಸ್ಕಾರ ಮಾಡಹೊರಟವಳನ್ನು ನಾನೇ ತಡೆದೆ, ಮಂಡಿ ನೋಯುತ್ತದೆ ಎಂದು. ಸಂಜೆ ಬಂದ ಕೂಡಲೇ ಬಾಟಲಿ ಕಸಿದು ಬೆಳಕಿಗೆ ಹಿಡಿದೆ. ಅರ್ಧ ನೀರು ಹಾಗೆಯೇ ಇತ್ತು.

ಮೊದಲ ದಿನ, ಗಾಬರಿ, ಇರಲಿ ಎಂದುಕೊಂಡೆ. ಮಂಗಳವಾರವೂ ಅರ್ಧ. ಬುಧವಾರವೂ ಅರ್ಧ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಯಾರೋ ಗೆರೆ ಎಳೆದು ಕುಡಿದ ಹಾಗೆ.

"ಯಾಕೆ ಕುಡೀಲಿಲ್ಲ?"

"ಕುಡಿದೆನಲ್ಲ."

"ಮುಚ್ಚಳ ಬಿಗಿಯಾ?"

"ಇಲ್ಲ."

"ಟೀಚರ್ ಬಯ್ತಾರಾ? ಹೊರಗೆ ಬಿಡಲ್ವಾ? ಬಾಯಿ ಬಿಡೇ ನನ್ನಮ್ಮ!"

ಅವಳು ತಲೆ ತಗ್ಗಿಸಿ ಊದಿದ ಬೆರಳುಗಳನ್ನು ಎಣಿಸುತ್ತಾ ಕೂತಳು. ಕಣ್ಣಿನ ಬಿಳಿ ಹಳದಿಗೆ ತಿರುಗುತ್ತಿತ್ತು. ಮನೆಗೆ ಬಂದ ಮೇಲೆ ಲೋಟದಲ್ಲಿ ಕೊಟ್ಟರೆ ಅದನ್ನೂ ಅರ್ಧ ಕುಡಿದು ಕೆಳಗಿಡುತ್ತಿದ್ದಳು. ಹೊಟ್ಟೆ ತುಂಬಿತೇನೋ ಅಂದುಕೊಂಡೆ, ದಡ್ಡಿ ನಾನು.

ಗುರುವಾರ ಒಬ್ಬಳ ಜಡೆಯನ್ನು ಅರ್ಧಕ್ಕೇ ಬಿಟ್ಟು ಶಾಲೆಗೆ ನುಗ್ಗಿದೆ. ಟೀಚರ್ ಪೆನಿನಾ ಇನ್ನೂ ಚಿಕ್ಕ ಹುಡುಗಿ. ಅವಳ ಮೇಲೆ ಬಾಯಿಗೆ ಬಂದದ್ದೆಲ್ಲ ಸುರಿದೆ. ಮೂತ್ರಕ್ಕೆ ಬಿಡದೆ ಮಕ್ಕಳನ್ನು ಕೊಲ್ಲುತ್ತೀರಿ, ನೀರು ಕುಡಿದರೆ ಬಯ್ಯುತ್ತೀರಿ, ನಿಮಗೆ ಮಕ್ಕಳಿದ್ದಿದ್ದರೆ ಗೊತ್ತಾಗುತ್ತಿತ್ತು ಎಂದೆಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಲೊಂಗೊ, ಅವಳನ್ನ ಬಾಗಿಲ ಪಕ್ಕದಲ್ಲೇ ಕೂರಿಸಿದ್ದೀನಿ. ಕೇಳದೇನೇ ಎದ್ದು ಹೋಗಬಹುದು ಅಂತಾನೂ ಹೇಳಿದ್ದೀನಿ. ಗಂಜಿ ಹೊತ್ತಿಗೆ ಅರ್ಧ ಕುಡೀತಾಳೆ. ಆಮೇಲೆ ಬಾಟಲೀನ ತಬ್ಕೊಂಡು ಕೂತ್ಬಿಡ್ತಾಳೆ. ನಾನೇ ಬಾಯಿಗೆ ಹಿಡಿದೆ, ತುಟಿ ಬಿಗಿ ಹಿಡಿದ್ಲು. ನಾನು ಇನ್ನೇನು ಮಾಡ್ಲಿ ಹೇಳಿ?"

ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಕ್ಷಮಿಸಮ್ಮ ಎನ್ನಬೇಕಿತ್ತು, ಅನ್ನದೆ ಬಂದೆ.

ಶುಕ್ರವಾರ ಹನ್ನೊಂದಕ್ಕೆ ಫೋನ್ ಬಂತು. ನಾನು ಓಡಿಹೋಗುವಷ್ಟರಲ್ಲಿ ಬಾಬಿರ್ಯೆ ತರಗತಿಯ ಹೊರಗೆ ಚಾಪೆಯ ಮೇಲೆ ಸುರುಟಿಕೊಂಡಿದ್ದಳು. ಕಾಲು, ಕಾಲು ಎನ್ನುತ್ತಿದ್ದಳು, ಬೇರೆ ಮಾತಿಲ್ಲ. ಬಾಡಿಗೆ ಬೈಕಿನವನ ಬೆನ್ನಿಗೂ ನನ್ನ ಎದೆಗೂ ನಡುವೆ ಅವಳನ್ನು ಒತ್ತಿ ಹಿಡಿದು ಕ್ಲಿನಿಕ್ ಸೇರಿದೆ. ರಸ್ತೆಯ ಪ್ರತಿ ಗುಂಡಿಗೂ ಅವಳು ಕಿರುಚಿದಳು, ಪ್ರತಿ ಗುಂಡಿಗೂ ನಾನು ಬೈಕಿನವನಿಗೆ ಶಾಪ ಹಾಕಿದೆ.

ನರ್ಸ್ ಪೆರ್ಪೆತುವಾ ನಾಲ್ಕು ಕಡೆ ಚುಚ್ಚಿದ ಮೇಲೆ ಒಂದು ನರ ಸಿಕ್ಕಿತು. ಡ್ರಿಪ್ ಹನಿಯತೊಡಗಿತು. ನೋವಿನ ಔಷಧಿ ಕೊಟ್ಟ ಮೇಲೆ ಕಿರುಚಾಟ ನರಳಾಟಕ್ಕೆ ಇಳಿಯಿತು.

"ಈ ನರ ಎಷ್ಟು ಹೊತ್ತು ತಡೀತದೋ ಗೊತ್ತಿಲ್ಲ," ಎಂದರು. "ಆಗಲೇ ಊದ್ತಾ ಇದೆ. ಬಾಯಲ್ಲೇ ಕುಡಿಸಿ. ಕುಡಿದ್ರೆ ಈ ಮಗು ಉಳಿಯತ್ತೆ. ನಾನು ಸುತ್ತಿ ಬಳಸಿ ಹೇಳಲ್ಲ."

ಬಾಟಲಿ ತುಂಬಿ ಬಾಯಿಗೆ ಹಿಡಿದೆ. ಗಟಗಟ ಕುಡಿದಳು. ಅಬ್ಬಾ ಎಂದುಕೊಂಡೆ. ಸರಿಯಾಗಿ ಅರ್ಧಕ್ಕೆ ಬಂದಾಗ ತುಟಿ ಮುಚ್ಚಿದಳು.

"ಕುಡಿ ಕಂದಾ."

"ಸಾಕು."

"ಎಲ್ಲಿ ಸಾಕು? ನಾಲಿಗೆ ನೋಡು, ಮರದ ತೊಗಟೆ ಆಗಿದೆ. ಕುಡಿಯೇ!"

"ಉಳಿದಿದ್ದು ನಕಾಟೊದು."

ಅಷ್ಟರಲ್ಲಿ ಅತ್ತೆ ಬಂದು ಮಂಚದ ಕಾಲ ಬಳಿ ನಿಂತಿದ್ದರು. ನಾನು ಅವರ ಕಡೆ ತಿರುಗಿದೆ.

"ಇದನ್ನ ಯಾರು ಹೇಳಿಕೊಟ್ಟಿದ್ದು?"

"ನಾನೇ," ಎಂದರು ಅತ್ತೆ. ಅಂಜಲಿಲ್ಲ. "ಒಂದೇ ಬಾಟಲಿ ತಂದವಳು ನೀನು. ತಂಗಿ ಪಾಲು ಬಿಡು, ಇಲ್ಲಾಂದ್ರೆ ಅವಳು ಸಿಟ್ಟಾಗಿ ನಿನ್ನನ್ನೂ ಕರ್ಕೊಂಡು ಹೋಗ್ತಾಳೆ ಅಂದೆ. ಮಗೂನ ಕಾಪಾಡೋಕೆ ಹೇಳಿದ್ದು. ಹೋಗಿ ಇನ್ನೊಂದು ತಾ, ಎಲ್ಲ ಸರಿಹೋಗತ್ತೆ."

ಜಗಳ ಆಡಲು ಹೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅದನ್ನೇ ನಂಬಿದೆ. ನನ್ನಿಂದಲೇ ಆಯಿತು, ಜೋಡಿ ಮುರಿದವಳು ನಾನೇ ಎಂದು ಬಾಯಿ ಬಡಿದುಕೊಳ್ಳುತ್ತಾ ಸಂತೆಗೆ ಓಡಿದೆ. ಕಂಪಾಲಾದ ಮಾಲು ಬಂದಿತ್ತು. ಸೆಮ್ಮಂಡ ನನ್ನ ಮುಖ ನೋಡಿದವನೇ ನೀಲಿ ಬಾಟಲಿ ಕೈಗಿಟ್ಟ. ದುಡ್ಡು ಕೇಳಲಿಲ್ಲ.

ಎರಡನ್ನೂ ತುಂಬಿ ಮಂಚದ ಮೇಲೆ ಪಕ್ಕಪಕ್ಕ ಇಟ್ಟೆ. "ನೋಡು, ಅವಳದು ಅವಳಿಗೆ ಬಂತು. ಇದು ಪೂರ್ತಿ ನಿಂದು. ಕುಡಿ."

ಬಾಬಿರ್ಯೆಯ ಮುಖ ಅರಳಿತು. ಒಂದು ಗುಟುಕು ಕುಡಿದಳು. ಆಮೇಲೆ ಬಾಟಲಿ ಇಳಿಸಿ ಪಕ್ಕದ ಬಾಟಲಿಯನ್ನೇ ನೋಡುತ್ತಾ ಮಲಗಿದಳು.

"ಏನಾಯ್ತು?"

"ಅವಳು ಇನ್ನೂ ಕುಡೀಲಿಲ್ಲ. ನಾನು ಮುಂದೆ ಹೋಗಬಾರದು, ಅಲ್ವಾ ಜಜ್ಜಾ?"

ಜಜ್ಜಾ ಎಂದರೆ ಅಜ್ಜಿ. ನಾನು ಎರಡನೆಯ ಬಾಟಲಿ ಎತ್ತಿ ನಾಲ್ಕು ಗುಟುಕು ಕುಡಿದು ಕೆಳಗಿಟ್ಟೆ. "ಈಗ ಸಮ ಆಯ್ತು."

"ಅದು ನೀನು ಕುಡಿದಿದ್ದು ಅಮ್ಮಾ. ಅವಳಲ್ಲ." ಅವಳು ಅಳಲು ಶುರುಮಾಡಿದಳು. ಕಣ್ಣೀರು ಬರಲಿಲ್ಲ, ಮೈಯಲ್ಲಿ ನೀರಿದ್ದರೆ ತಾನೇ ಬರುವುದು.

ನರ್ಸ್ ಬಂದು ಡ್ರಿಪ್ಪಿನ ಕೈ ಮುಟ್ಟಿ ನೋಡಿದರು. ಮೊಣಕೈವರೆಗೆ ಊದಿತ್ತು. ಸೂಜಿ ಎಳೆದು ಇನ್ನೊಂದು ಕೈ ಹುಡುಕಿದರು, ಕಾಲು ಹುಡುಕಿದರು, ತಲೆಯಾಡಿಸಿದರು. "ಡಾಕ್ಟರನ್ನ ಕರೀತೀನಿ. ಅಲ್ಲಿ ತನಕ ಹ್ಯಾಗಾದ್ರೂ ಕುಡಿಸಿ, ನಲೊಂಗೊ. ಹ್ಯಾಗಾದ್ರೂ."

ಹೇಗಾದರೂ! ಮೂಗು ಹಿಡಿದು ಸುರಿದರೆ ಕೆಮ್ಮಿ ಕಾರಿದಳು. ಗದರಿದೆ, ಕೈ ಮುಗಿದೆ, ಹೊಸ ಚಪ್ಪಲಿ ಕೊಡಿಸುತ್ತೇನೆ ಎಂದೆ. "ಜೋಡೀನಾ?" ಎಂದು ಕೇಳಿದಳು. ಆಗ ನನಗೆ ಗೊತ್ತಾಯಿತು, ಉಳಿದದ್ದು ಒಂದೇ ಮಾತು ಎಂದು. ಅದನ್ನು ಆಡಿದರೆ ಆಕಾಶ ಕಳಚಿ ಬೀಳುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆಡದಿದ್ದರೆ ಇವಳೂ ಹೋಗುತ್ತಾಳೆ.

"ಬಾಬಿರ್ಯೆ, ಇಲ್ಲಿ ನೋಡು. ನಕಾಟೊ ಸತ್ತುಹೋಗಿದ್ದಾಳೆ."

"ಏ! ಏನಂದೆ!" ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. "ನಿನ್ನ ನಾಲಿಗೆ ಸೀದು ಹೋಗ!"

"ಹೋಗಲಿ. ಸತ್ತುಹೋಗಿದ್ದಾಳೆ ಕಂದಾ. ಎಲ್ಲೂ ಹಾರ್ತಾ ಇಲ್ಲ, ಮಣ್ಣಲ್ಲಿ ಮಲಗಿದ್ದಾಳೆ. ಅವಳಿಗೆ ಇನ್ನು ಬಾಯಾರಲ್ಲ."

ಮಗು ನನ್ನ ಕಡೆ ತಿರುಗಿದಳು. "ಮತ್ತೆ ಅಂಗಿ ಯಾಕೆ ಹೊಲಿಸಿದೆ?"

"ನನಗೆ ತಡ್ಕೊಳ್ಳೋಕಾಗಲಿಲ್ಲ. ಅದಕ್ಕೆ ಹೊಲಿಸಿದೆ."

"ಸಿಟ್ಟು ಬಂದು ಹೋದ್ಲಾ?"

"ಇಲ್ಲ." ಗಂಡನಿಗೂ ಹೇಳದ ಮಾತು ಅದು, ಪಾದ್ರಿಗೂ ಹೇಳದ್ದು. "ನೀರು ಸಾಲದೆ ಹೋದ್ಲು. ನಾವು ಊರಿಗೆ ಹೋಗ್ತಾ ಇದ್ವಿ. ನೀನು ಅಪ್ಪನ ಜೊತೆ ಲಾರೀಲಿ, ಅವಳು ನನ್ನ ಜೊತೆ ಜನ ತುಂಬಿದ ಟ್ಯಾಕ್ಸೀಲಿ. ದಾರೀಲಿ ನೀರು ಕೇಳಿದ್ಲು. ಟ್ಯಾಕ್ಸಿಯೋನು ಉಚ್ಚೆಗೆ ನಿಲ್ಲಿಸಲ್ಲ ಅಂತ ಬಯ್ತಾ ಇದ್ದ. ಕುಡಿದ್ರೆ ಉಚ್ಚೆ ಬರತ್ತೆ ಅಂತ, ಊರು ಬಂತು, ತಡಿ ಅಂದೆ. ಮತ್ತೆ ಕೇಳಿದ್ಲು. ತಡಿ ಅಂದೆ. ಮಡಿಲಲ್ಲಿ ನೀರಿತ್ತು ಬಾಬಿರ್ಯೆ. ಇಟ್ಕೊಂಡೂ ನಾನು ಕೊಡಲಿಲ್ಲ."

ಅತ್ತೆ ಕಿವಿಯಿಂದ ಕೈ ತೆಗೆದಿದ್ದರು. ನಾನು ಮಂಚದ ಅಂಚಿಗೆ ಹಣೆ ಒತ್ತಿ ಗೊಳೋ ಎಂದು ಅತ್ತುಬಿಟ್ಟೆ. ಯಾರೋ ನನ್ನ ಬೆನ್ನ ಮೇಲೆ ಕೈ ಇಟ್ಟರು, ಅತ್ತೆಯೋ ನರ್ಸೋ, ನೋಡಲಿಲ್ಲ.

ಟಪ್ ಎಂದಿತು. ತಲೆ ಎತ್ತಿದೆ. ಬಾಬಿರ್ಯೆ ಊದಿದ ಎರಡೂ ಕೈಗಳಲ್ಲಿ ಬಾಟಲಿ ಹಿಡಿದು ಕುಡಿಯುತ್ತಿದ್ದಳು. ನೀರು ಗಲ್ಲದಿಂದ ಇಳಿದು ಸಮವಸ್ತ್ರ ನೆನೆಯಿತು. ಅರ್ಧ ದಾಟಿತು. ಮುಕ್ಕಾಲೂ ದಾಟಿತು. ಬುಡದ ಕೊನೆಯ ಹನಿಯವರೆಗೆ ಕುಡಿದು, ಉಸಿರು ಎಳೆದುಕೊಂಡು, ಖಾಲಿ ಬಾಟಲಿಯನ್ನು ನನ್ನ ಕಡೆ ಚಾಚಿದಳು.

"ಅಮ್ಮಾ, ಇನ್ನೂ ಬೇಕು. ತಡಿ ಅನ್ನಬೇಡ."