ಒಂದೇ ದಿನದ ವಾರ

“ಮೂವತ್ತು ಆಟದ ಪಟ್ಟಿ ಕಣೋ ಇದು! ನಿಂದೆಲ್ಲಿದೆ, ಬೆರಳಿಟ್ಟು ತೋರ್ಸು ನೋಡೋಣ. ಹೈಸ್ಕೂಲು ಅರ್ಧಕ್ಕೇ ಬಿಟ್ಟೋನನ್ನ ನಂಬಿದ್ನಲ್ಲ, ನನ್ನ ತಲೆ ನಾನೇ ಚಚ್ಕೋಬೇಕು!”

ಬೆಳಗಿನ ಸಭೆಗೆ ಇಡೀ ಕಚೇರಿ ಸಾಲಾಗಿ ನಿಂತಿತ್ತು. ಮಾಲೀಕ ಮಿನೆಗಿಶಿ ಮಾರಾಟದ ಪಟ್ಟಿ ಅಚ್ಚಾಗಿದ್ದ ವಾರಪತ್ರಿಕೆಯನ್ನು ಸುರುಳಿ ಸುತ್ತಿ ನುಕುಯಿಯ ಎದೆಗೆ ತಿವಿದ. ಮಿಕ್ಕವರೆಲ್ಲ ತಂತಮ್ಮ ಶೂ ನೋಡಿಕೊಂಡರು. ಒಸಾಕಾದ ಆ ಪುಟ್ಟ ವಿಡಿಯೋ ಗೇಮ್ ಕಂಪನಿಯಲ್ಲಿ ಆಟ ಮಾಡಲು ಬಾರದವರಿದ್ದರು, ಶೂ ನೋಡಲು ಬಾರದವರು ಒಬ್ಬರೂ ಇರಲಿಲ್ಲ.

ಅದು ನುಕುಯಿ ಮೂರು ವರ್ಷ ನಿದ್ದೆಗೆಟ್ಟು ಮಾಡಿದ ಆಟ. ಊರವರೆಲ್ಲ ಕಾಸು ಕೊಟ್ಟು ಮೀಯುವ ಬೀದಿಯ ಸ್ನಾನಗೃಹವೊಂದು ಮುಚ್ಚಿಹೋಗದಂತೆ ಮುದುಕಿಯೊಬ್ಬಳು ಒದ್ದಾಡುವ ಕಥೆ. ಅದರ ಚಿತ್ರಗಳೆಲ್ಲ ತಂಡದ ಚಿತ್ರಕಾರ್ತಿ ಇಸೋಬೆಯವು. ನೀರಿನ ಹಬೆಯೊಂದನ್ನೇ ಅವಳು ಎಷ್ಟು ಸಲ ಬರೆದು ಅಳಿಸಿದ್ದಳೋ! ಮೊದಲ ವಾರವೇ ಮಾರಾಟದ ಪಟ್ಟಿಗೆ ಬಂದರೆ ಎರಡನೇ ಭಾಗ, ಇಲ್ಲವಾದರೆ ತಂಡಕ್ಕೆ ಬೀಗ ಎಂದು ಮಿನೆಗಿಶಿ ಮೊದಲೇ ಹೇಳಿಬಿಟ್ಟಿದ್ದ.

ಪಟ್ಟಿಗೆ ಬರುವುದಾದರೂ ಹೇಗೆ? ಹೊಸ ಆಟಗಳು ಅಂಗಡಿಗೆ ಬರುವುದು ಗುರುವಾರ. ಪಟ್ಟಿಯವರ ವಾರ ಮುಗಿಯುವುದು ಭಾನುವಾರ. ಆ ನಾಲ್ಕು ದಿನ ಮಾರಿದ್ದೇ ಮೊದಲ ವಾರದ ಲೆಕ್ಕ. ಆಟ ಕೊಳ್ಳುವ ಚಿಲ್ಟಾರಿಗೂ ಇದು ಗೊತ್ತು. ಆದರೆ ಮಿನೆಗಿಶಿ ದೊಡ್ಡ ಮನುಷ್ಯ! ಅವನ ಮೇಜಿನ ಮೇಲೆ ವ್ಯಾಪಾರ ಕಾಯುವ ಎಬಿಸು ದೇವರ ಗುಡಿಯಿಂದ ತಂದ ಬಿದಿರ ಕೊಂಬೆ, ಗೋಡೆಯ ಮೇಲೆ ಶುಭ ಅಶುಭಗಳ ಕ್ಯಾಲೆಂಡರು. ಆ ಗುರುವಾರದ ನಡುಮಧ್ಯಾಹ್ನ ಕೆಟ್ಟದ್ದಂತೆ. ಭಾನುವಾರ ಮಾತ್ರ ‘ತಾಯಿಆನ್’, ಮದುವೆ ಗೃಹಪ್ರವೇಶಗಳಿಗೆ ಜನ ಮುಗಿಬೀಳುವ ದಿನ.

“ನಾವು ಆಟ ಮಾರ್ತಿದ್ದೀವೋ, ಮದ್ವೆ ಮಾಡ್ತಿದ್ದೀವೋ ಯಜಮಾನ್ರೇ?” ಎಂದು, ಅವನು ಬಿಡುಗಡೆಗೆ ಆ ಭಾನುವಾರವನ್ನೇ ಗೊತ್ತುಮಾಡಿದ ದಿನವೇ ಇಸೋಬೆ ಕೇಳಿದ್ದಳು.

“ಒಳ್ಳೆ ದಿನ ಹುಟ್ಟಿದ್ದು ಒಳ್ಳೇದೇ ಆಗುತ್ತಮ್ಮಾ” ಎಂದು ಅವನು ನಕ್ಕಿದ್ದ. ಸಗಟು ಮಾರಾಟದವರು ಫೋನು ಮಾಡಿ ಅಂಗಲಾಚಿದರೂ ಕೇಳಲಿಲ್ಲ. ಆಟ ಭಾನುವಾರ ಬೆಳಿಗ್ಗೆ ಅಂಗಡಿಗೆ ಬಂತು, ಸಂಜೆ ಅಂಗಡಿ ಬಾಗಿಲು ಹಾಕಿತು, ವಾರ ಮುಗಿಯಿತು.

ಇದು ಆ ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತು. ಒಬ್ಬನಾದರೂ ತುಟಿ ಬಿಚ್ಚಬೇಕಲ್ಲ!

“ಎಲ್ರ ಮುಂದೆ ಬಗ್ಗಿ ಕ್ಷಮೆ ಕೇಳು” ಎಂದ ಮಿನೆಗಿಶಿ.

ನುಕುಯಿ ಸೊಂಟದಿಂದ ಬಗ್ಗಿದ. ಗುರುವಾರ ಭಾನುವಾರಗಳ ಲೆಕ್ಕ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ, ಬಗ್ಗಿದರೆ ಎರಡನೇ ಭಾಗ ಉಳಿದೀತು ಎಂಬ ಹಾಳು ಆಸೆ ಬಾಯಿಗೆ ಬಟ್ಟೆ ತುರುಕಿತ್ತು. ಏನೂ ಉಳಿಯಲಿಲ್ಲ. ಮಧ್ಯಾಹ್ನಕ್ಕೆಲ್ಲ ತಂಡ ಚದುರಿತು. ಜೂಜಿನ ಯಂತ್ರಗಳ ಪರದೆಗೆ ಮೀನಿನ ಚಿತ್ರ ಬರೆಯುವ ಕೆಲಸಕ್ಕೆ ಇಸೋಬೆಯನ್ನು ತಳ್ಳಿದರು. ಅವಳು ಕುಂಚ, ಚಹಾದ ಬಟ್ಟಲು ಚೀಲಕ್ಕೆ ಹಾಕಿಕೊಂಡಳು.

“ನೀನು ಬಗ್ಗಿದ್ಯಲ್ಲ ನುಕುಯಿ, ನಂಗೆ ನಾಚ್ಕೆ ಆಯ್ತು” ಎಂದಳು. “ನಾನಂತೂ ಮೀನು ಬರಿಯಲ್ಲಪ್ಪ.” ಮಾರನೆಯ ದಿನದಿಂದ ಅವಳ ಕುರ್ಚಿ ಖಾಲಿ.

ಮುಂದಿನ ವಾರದ ಪಟ್ಟಿ ಬಂತು. ಈ ಸಲ ಪೂರ್ತಿ ಏಳು ದಿನದ ಮಾರಾಟ. ಮುದುಕಿಯ ಸ್ನಾನಗೃಹ ಹನ್ನೊಂದನೇ ಜಾಗದಲ್ಲಿ ಕೂತಿತ್ತು.

ಮಿನೆಗಿಶಿ ಬಿಸಿಬಿಸಿ ಹಂದಿಮಾಂಸದ ಬನ್ನಿನ ಡಬ್ಬಿಗಳನ್ನು ಹೊರಿಸಿಕೊಂಡು ಸಭೆಗೆ ಬಂದ. “ನೋಡಿದ್ರಾ ತಾಯಿಆನ್ ಮಹಿಮೆ! ಶುಭದಿನ ಫಲ ಕೊಡೋಕೆ ಸ್ವಲ್ಪ ತಾಳ್ಮೆ ಬೇಕು ಅಷ್ಟೆ.”

“ನಿಮ್ಮ ದೂರದೃಷ್ಟಿ ಯಾರಿಗಿದೆ ಯಜಮಾನ್ರೇ!” ಎಂದ ಲೆಕ್ಕ ಬರೆಯುವ ತರುಮಿ, ಬಾಯಿ ತುಂಬ ಬನ್ನು ಇಟ್ಟುಕೊಂಡೇ. ಹೋದ ವಾರ ಶೂ ನೋಡಿದ್ದ ಅದೇ ಮಂದಿ ಈಗ ಚಪ್ಪಾಳೆ ತಟ್ಟಿದರು. ಶೂಗಳಿಗೆ ಒಂದು ವಾರದ ರಜೆ.

ಮಿನೆಗಿಶಿ ತಾನೇ ಒಂದು ಬನ್ನು ತೆಗೆದು ನುಕುಯಿಯ ಕೈಗಿಟ್ಟ. “ಹೋದ ವಾರದ್ದು ಮನಸ್ಸಲ್ಲಿ ಇಟ್ಕೋಬೇಡ. ಎರಡನೇ ಭಾಗ ನಿಂದೇ. ಇಸೋಬೆ ಹೋದ್ರೆ ಹೋಗ್ಲಿ ಬಿಡು. ಹಬೆ ತಾನೇ? ಒಂದಿಷ್ಟು ಬಿಳಿ ಬಣ್ಣ ಬಳಿದ್ರಾಯ್ತು. ಬಿಡುಗಡೆ ದಿನಾನೂ ನೋಡಿಟ್ಟಿದ್ದೀನಿ ಕಣೋ, ಭರ್ಜರಿ ತಾಯಿಆನ್. ಭಾನುವಾರ! ಏನಂತೀಯಾ?”

ಎಲ್ಲರೂ ನುಕುಯಿಯ ಬಾಯಿ ನೋಡಿದರು. ಮೂರು ವರ್ಷದಿಂದ ಅವನು ಬಯಸಿದ್ದು ಈ ಒಂದು ಮಾತನ್ನೇ.

ಅವನು ಬನ್ನನ್ನು ಡಬ್ಬಿಯಲ್ಲಿ ವಾಪಸ್ಸಿಟ್ಟ. ಕುರ್ಚಿಯ ಮೇಲಿದ್ದ ಕೋಟು ಎತ್ತಿಕೊಂಡ. ಸಾಲು ತಾನಾಗಿಯೇ ದಾರಿ ಬಿಟ್ಟು ಮತ್ತೆ ಶೂ ನೋಡತೊಡಗಿತು.

“ಲೋ, ಕೇಳ್ತಾ ಇರೋದು ನಿನ್ನನ್ನೇ!” ಎಂದ ಮಿನೆಗಿಶಿ.

ನುಕುಯಿ ಆಗಲೇ ಬಾಗಿಲು ದಾಟಿ ಮೆಟ್ಟಿಲಿಳಿಯುತ್ತಿದ್ದ.