ಶುದ್ಧ ನೀರು ಕುಡಿದ ಬ್ಯಾಟರಿ

ನಾನು ಒಂದು ಬ್ಯಾಟರಿ. ಐವತ್ತು ಕೆಜಿ ತೂಕ, ಹೊಟ್ಟೆ ತುಂಬ ಸೀಸದ ತಗಡು ಮತ್ತು ಆಮ್ಲ. ನೋಡಿದವರು ಗಟ್ಟಿಗ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾನು ಹುಟ್ಟುಪುಕ್ಕಲ. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜು ಹಾಕಿದಾಗಲೇ ನನಗೆ ಭಯವಾಗಿತ್ತು.

ಅಲ್ಲಿಂದ ಇಳಕಲ್ ಕಡೆಯ ಒಂದು ಊರಿಗೆ, ದ್ಯಾಮಣ್ಣನ ಮನೆಗೆ ಬಂದೆ. ಆತ ಮೂವತ್ತು ವರ್ಷ ಗ್ರಾನೈಟ್ ಕೊಯ್ದವನು. ಕಲ್ಲಿನ ಧೂಳು ಪುಪ್ಪುಸಕ್ಕೆ ಇಳಿದು, ಈಗ ಆಕ್ಸಿಜನ್ ಮಷಿನ್ ಇಲ್ಲದೆ ಉಸಿರಾಡಲಾರ. ಊರಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಅದಕ್ಕೇ ಮಾಳಿಗೆಯ ಮೇಲೆ ಸೋಲಾರ್, ಕೆಳಗೆ ನಾನು. ಕರೆಂಟು ಹೋದರೆ ಆತನ ಉಸಿರು ನನ್ನ ಕೈಯಲ್ಲಿ. ಇದು ತಿಳಿದ ದಿನದಿಂದ ನನಗೆ ನೆಮ್ಮದಿ ಇಲ್ಲ.

ಮಾರಾಟದವನು ಬಿಸಿಲಿಗೆ ಬಿಲ್ಲಿಲ್ಲ, ಇಪ್ಪತ್ತೈದು ವರ್ಷ ಚಿಂತೆಯಿಲ್ಲ ಅಂದಿದ್ದ. ಸುಳ್ಳಲ್ಲ. ಆದರೆ ಆ ಆಯಸ್ಸು ಮೇಲಿನ ಫಲಕಗಳದು. ನನ್ನದು ಹೆಚ್ಚೆಂದರೆ ಐದು ವರ್ಷ, ಅದೂ ಚೆನ್ನಾಗಿ ನೋಡಿಕೊಂಡರೆ. ಅದನ್ನು ಆತ ಹೇಳಲಿಲ್ಲ. ಹೇಳಲು ನನಗೆ ಬಾಯಿಲ್ಲ.

ನೋಡಿಕೊಳ್ಳುವುದರಲ್ಲಿ ದ್ಯಾಮಣ್ಣನ ಹೆಂಡತಿ ನೀಲವ್ವ ಏನೂ ಕಡಿಮೆ ಮಾಡಲಿಲ್ಲ. ಊರಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಗಳ ಧೂಳು ಫಲಕಗಳ ಮೇಲೆ ಹಿಟ್ಟಿನಂತೆ ಕೂರುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಮಂಡಿನೋವಿನಲ್ಲೇ ಏಣಿ ಹತ್ತಿ ಒರೆಸುತ್ತಿದ್ದಳು. ನನ್ನ ಪಕ್ಕದ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ‘ಶುದ್ಧ ನೀರನ್ನು ಮಾತ್ರ ಹಾಕಿ’ ಎಂದಿತ್ತು. ಓಣಿಯ ತುದಿಯಲ್ಲೇ ನೀಲಿ ಬೋರ್ಡು: ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿಯ ನಾಣ್ಯ ಹಾಕಿದರೆ ಒಂದು ಕ್ಯಾನ್. ತಾವಿಬ್ಬರೂ ನಲ್ಲಿ ನೀರು ಕುಡಿದು ನನಗೆ ಆ ನೀರು ತಂದಳು. ನನಗೆ ಬೇಕಾದದ್ದು ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಡಿಸ್ಟಿಲ್ಡ್ ವಾಟರ್. ಆಕೆ ಪ್ರೀತಿಯಿಂದ ಹಾಕುತ್ತಿದ್ದಳು, ನಾನು ಹೆದರುತ್ತ ಕುಡಿಯುತ್ತಿದ್ದೆ.

ಮೊದಲು ನಾಲ್ಕು ತಾಸು ಮಷಿನ್ ನಡೆಸುತ್ತಿದ್ದವನು ಮೂರನೇ ವರ್ಷಕ್ಕೆ ಎರಡು ತಾಸಿಗೆ ಇಳಿದೆ. ಆಮೇಲೆ ಒಂದಕ್ಕೆ. ಕರೆಂಟು ಬೇಗ ಬರುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಷಾಢದ ಒಂದು ಮಧ್ಯಾಹ್ನ, ದಟ್ಟ ಮೋಡದ ನಡುವೆ ಕರೆಂಟು ಹೋಯಿತು. ಇಪ್ಪತ್ತು ನಿಮಿಷಕ್ಕೆ ನನ್ನ ಕಥೆ ಮುಗಿದಿತ್ತು. ಮಷಿನ್ ಕೂಗಿ ನಿಂತಿತು. ದ್ಯಾಮಣ್ಣ ಮಂಚದ ಅಂಚು ಹಿಡಿದು ಎದ್ದು ಕೂತ. ತುಟಿ ನೀಲಿಯಾಯಿತು. ನೀಲವ್ವ ಮೂಲೆಯಲ್ಲಿದ್ದ ಸಣ್ಣ ಆಕ್ಸಿಜನ್ ಸಿಲಿಂಡರ್ ಎಳೆದು ತಂದಳು, ಅದರ ತಿರುಪು ಬಿಗಿದುಕೊಂಡು ತಿರುಗಲೇ ಇಲ್ಲ. ಸೆರಗು ಸುತ್ತಿ, ಹಲ್ಲು ಕಚ್ಚಿ ಮತ್ತೆ ತಿರುಗಿಸಿದಳು. ಗಾಳಿ ಬಂತು. ನಾನು ಎದುರಿಗೇ ಕೂತು ಎಲ್ಲ ನೋಡಿದೆ. ಅಷ್ಟು ನಾಚಿಕೆ, ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಎಲೆಕ್ಟ್ರಿಶಿಯನ್ ದಾವಲಸಾಬ ಬಂದು ನನ್ನ ಮುಚ್ಚಳ ಬಿಚ್ಚಿದ. ಯಾವ ನೀರು ಹಾಕಿದಿರಿ ಎಂದು ಕೇಳಿದ. ನೀಲವ್ವ ಹೇಳಿದಳು.

“ಯಕ್ಕಾ, ಅದು ಮನಶ್ಯಾರಿಗೆ ಶುದ್ಧ. ಇದಕ್ಕಲ್ಲ. ಅದರಾಗಿನ ಉಪ್ಪು, ಸುಣ್ಣ ಎಲ್ಲಾ ಒಳಗ ಕುಂತೈತಿ ನೋಡ್ರಿ.”

ನೀಲವ್ವ, ತನ್ನ ಕೈಯಾರೆ ಗಂಡನ ಉಸಿರಿಗೆ ಕುತ್ತು ತಂದೆನಲ್ಲ ಎಂದು ಅತ್ತಳು. ಹೊಸದಕ್ಕೆ ಹದಿನೆಂಟು ಸಾವಿರ, ಹಳೆಯದು ಕೊಟ್ಟರೆ ನಾಲ್ಕು ಸಾವಿರ ಕಡಿಮೆ ಎಂದು ದಾವಲಸಾಬ ಮೆಲ್ಲಗೆ ಹೇಳಿದ. ದ್ಯಾಮಣ್ಣ ಮೂಗಿನ ನಳಿಗೆ ಸರಿಮಾಡಿಕೊಂಡ.

“ಅಳಬ್ಯಾಡ ನೀಲಾ. ಅದೂ ನನ್ನಂಗ, ಒಳಗ ಕಲ್ಲು ಕುಂತೈತಿ. ಅದನ್ನರ ಕೊಟ್ಟು ಹೊಸಾದು ತರಬೌದು.”

ನೀಲವ್ವ ಕಣ್ಣೊರೆಸಿಕೊಂಡು, ಇವತ್ತೇ ತಾ ಎಂದು ದಾವಲಸಾಬನಿಗೆ ಹೇಳಿದಳು.

ಈಗ ನಾನು ಅದೇ ಊರಿನ ಗುಜರಿ ಅಂಗಡಿಯಲ್ಲಿದ್ದೇನೆ. ನನ್ನನ್ನು ಒಡೆದು, ಸೀಸ ಕರಗಿಸಿ, ಮತ್ತೊಂದು ಬ್ಯಾಟರಿ ಮಾಡುತ್ತಾರಂತೆ. ಅದಕ್ಕೆ ಹೆದರಿಕೆ ಇಲ್ಲ. ಆದರೆ ಒಮ್ಮೊಮ್ಮೆ ಹಾಡುಹಗಲೇ ಇಲ್ಲಿನ ಫ್ಯಾನ್ ತಟ್ಟನೆ ನಿಲ್ಲುತ್ತದೆ. ಇಲ್ಲಿ ಕರೆಂಟು ಹೋಯಿತೆಂದರೆ ಆ ಓಣಿಯಲ್ಲೂ ಹೋಗಿರುತ್ತದೆ. ಫ್ಯಾನ್ ಮತ್ತೆ ತಿರುಗುವವರೆಗೆ ನನ್ನ ಜೀವದಲ್ಲಿ ಜೀವ ಇರುವುದಿಲ್ಲ.